ಮಿಲಿಟರಿ ಬಂದ್ರೆ ಎಲ್ಲಾ ಸರಿಹೋಗುತ್ತಾ?

1/5
"ಒಂದೈದು ವರ್ಷ ಮಿಲಿಟರಿ ಆಳ್ಬೇಕು ಗುರು, ಕಳ್ಳರೆಲ್ಲಾ ಲೈನಿಗೆ ಬರ್ತಾರೆ." ಲಂಚದ ಸುದ್ದಿ ಬಂದಾಗಲೆಲ್ಲ ನಮ್ಮ ಕ್ಲಾಸ್ ಗ್ರೂಪಲ್ಲಿ ಈ ಮಾತು ಬರುತ್ತೆ, ಲೈಕೂ ಬೀಳುತ್ತೆ. ನಿಮ್ಮ ಸಿಟ್ಟು ಸುಳ್ಳಲ್ಲ. ಆದ್ರೆ ಈ ದಾರಿ ಹಿಡಿದು ನೋಡಿದವರ ಕಥೆ ಸ್ವಲ್ಪ ಕೇಳಿ.

2/5
ವೆನೆಜುವೆಲಾ. ನೆಲದ ತುಂಬಾ ಎಣ್ಣೆ, ಆದ್ರೂ ಜನರ ಜೇಬು ಖಾಲಿ. 1989ರಲ್ಲಿ ಪೆಟ್ರೋಲ್, ಬಸ್ ಚಾರ್ಜ್ ಏರಿದ್ದಕ್ಕೆ ಜನ ಬೀದಿಗಿಳಿದರು. ಸರ್ಕಾರ ಸೇನೆ ಕಳಿಸಿತು, ನೂರಾರು ಜನ ಸತ್ತರು. ಅಧ್ಯಕ್ಷ ಕಾರ್ಲೋಸ್ ಆಂಡ್ರೆಸ್ ಪೆರೆಜ್ ಸರ್ಕಾರದ ಮೇಲೆ ಭ್ರಷ್ಟಾಚಾರದ ಆರೋಪ ಬೇರೆ. 1992ರ ಫೆಬ್ರವರಿ 4ರಂದು ಲೆಫ್ಟಿನೆಂಟ್ ಕರ್ನಲ್ ಹ್ಯೂಗೋ ಚಾವೆಜ್ ಮತ್ತು ಜೊತೆಗಾರರು ದಂಗೆ ಎದ್ದರು. ಪೆರೆಜ್ ಅರಮನೆಯಿಂದ ತಪ್ಪಿಸಿಕೊಂಡು ಟಿವಿಯಲ್ಲಿ ಕಾಣಿಸಿಕೊಂಡರು. ಮಧ್ಯಾಹ್ನದೊಳಗೆ ಚಾವೆಜ್ ಶರಣು. ನವೆಂಬರ್ 27ಕ್ಕೆ ಇನ್ನೊಂದು ದಂಗೆ, ಅದೂ ಫೇಲ್. ಎಷ್ಟೋ ಜೀವ ಹೋಯ್ತು, ಅಧ್ಯಕ್ಷರು ಮಾತ್ರ ಕುರ್ಚಿಯಲ್ಲೇ ಇದ್ದರು.

3/5
ಹಾಗಾದ್ರೆ ಅವರನ್ನ ಇಳಿಸಿದ್ದು ಯಾರು? ಒಂದು ಫೈಲು! 25 ಕೋಟಿ ಬೊಲಿವಾರ್ ಗುಪ್ತನಿಧಿ ಎಲ್ಲಿ ಹೋಯ್ತು ಅಂತ ಒಬ್ಬ ಪತ್ರಕರ್ತ ಕೇಳಿದರು. ಅಟಾರ್ನಿ ಜನರಲ್ ಕೇಸ್ ಹಾಕಿದರು. 1993ರ ಮೇನಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಪಿತು, ಮಾರನೇ ದಿನವೇ ಸೆನೆಟ್ ಪೆರೆಜ್‌ರನ್ನ ಅಮಾನತು ಮಾಡಿತು. 1996ರಲ್ಲಿ 2 ವರ್ಷ 4 ತಿಂಗಳ ಶಿಕ್ಷೆಯೂ ಆಯ್ತು.

4/5
"ದಂಗೆ ಆಗದಿದ್ರೆ ಕೋರ್ಟ್‌ಗೆ ಅಷ್ಟು ಧೈರ್ಯ ಬರ್ತಿತ್ತಾ?" ಅಂತೀರಾ? ನ್ಯಾಯವಾದ ಪ್ರಶ್ನೆ. ದಂಗೆ ಕುರ್ಚಿ ಅಲ್ಲಾಡಿಸಿತ್ತು, ಒಪ್ಪೋಣ. ಆದ್ರೆ ಮುಂದೇನಾಯ್ತು ನೋಡಿ. 1994ರಲ್ಲಿ ಬಿಡುಗಡೆಯಾದ ಚಾವೆಜ್, 1998ರಲ್ಲಿ ಭ್ರಷ್ಟರನ್ನ ಓಡಿಸ್ತೀನಿ ಅಂತ ಹೇಳಿ ವೋಟಿನಿಂದಲೇ ಗೆದ್ದರು. 2004ರಲ್ಲಿ ಅವರ ಪಕ್ಷದವರು ಸುಪ್ರೀಂ ಕೋರ್ಟನ್ನ 20ರಿಂದ 32 ಜಡ್ಜ್‌ಗಳಿಗೆ ಹಿಗ್ಗಿಸಿ ತಮ್ಮವರನ್ನ ತುಂಬಿದರು. 2009ರಲ್ಲಿ ಒಬ್ಬ ಬ್ಯಾಂಕರ್‌ಗೆ ಜಾಮೀನು ಕೊಟ್ಟ ಜಡ್ಜ್ ಮರಿಯಾ ಲೂರ್ದೆಸ್ ಅಫಿಯುನಿ ಜೈಲು ಸೇರಿದರು. ಅವರಿಗೆ 30 ವರ್ಷ ಶಿಕ್ಷೆ ಆಗ್ಬೇಕು ಅಂದದ್ದು ಸ್ವತಃ ಚಾವೆಜ್. ಪೆರೆಜ್‌ರನ್ನ ಕೆಳಗಿಳಿಸಿದ ಬಾಗಿಲು ಮುಚ್ಚಿಹೋಯ್ತು. ಆಮೇಲೆ ಬಂದವರ ಲೆಕ್ಕ ಕೇಳೋರು ಯಾರು?

5/5
ಅದಕ್ಕೇ ಹೇಳೋದು: ಕಳ್ಳನನ್ನ ಓಡಿಸೋಕೆ ಬಂದೂಕು ಕರೀಬೇಡಿ. ಬಂದೂಕು ಹಿಡಿದವನು ನಾಳೆ ಕದ್ದರೆ ಯಾರನ್ನ ಕರೀತೀರಾ? ಇಲ್ಲಿ 10 ರೂಪಾಯಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಕೆಲಸ ನಿಧಾನ, ಬೋರು, ರೀಲ್ಸ್‌ಗೆ ಆಗಲ್ಲ. ಆದ್ರೂ ನಿಮ್ಮ ಊರಿನ ಒಂದು ರಸ್ತೆಯ ಲೆಕ್ಕ ಈ ತಿಂಗಳು ಕೇಳಿ ನೋಡಿ. ಏನು ಉತ್ತರ ಬಂತು ಅಂತ ಕೆಳಗೆ ಬರೀರಿ. ಒಪ್ಪದಿದ್ರೂ ಬರೀರಿ, ಜಗಳಾಡೋಣ.

#ಲೆಕ್ಕಕೇಳಿ #ವೆನೆಜುವೆಲಾ