ಐದನೇ ತಟ್ಟೆಯ ಮಕ್ಕಳು

'ನಲಿ-ಕಲಿ ಬಂದು ಸರ್ಕಾರಿ ಶಾಲೆ ಹಾಳಾಯ್ತು' ಅನ್ನೋ ಮಾತು ಈಗ ಊರೂರಲ್ಲೂ ಕೇಳ್ತದೆ. ಅನ್ನುವವರು ಯಾರು? ತಮ್ಮ ಮಕ್ಕಳಿಗೆ ಟೈ ಕಟ್ಟಿ ಕಾನ್ವೆಂಟಿನ ವ್ಯಾನು ಹತ್ತಿಸಿ ಬಂದವರು. ಅವರ ಮಕ್ಕಳು ಆ ಚಾಪೆಯ ಮೇಲೆ ಒಂದು ದಿನವೂ ಕೂತಿಲ್ಲ. ಕೂತವರು ನಾವು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆಮಾರಿನವರು. ಆ ಕಾರ್ಡು ಹಿಡಿದು ಅಕ್ಷರ ಕಲಿತು, ಈಗ ಅಂಥದೇ ಕೋಣೆಗೆ ಅತಿಥಿ ಶಿಕ್ಷಕರಾಗಿ ಹೋದವರು. ಆದ್ದರಿಂದ ಈ ಜಗಳ ನಮ್ಮದು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಸುತ್ತಲ ಹಳ್ಳಿ ಮಕ್ಕಳಿಗಾಗಿ ನಡೆಯುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಕಾಡಂಚಿನ ತಾಲ್ಲೂಕು, ಜೇನುಕುರುಬರ ಹಾಡಿಗಳ ತಾಲ್ಲೂಕು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರಕ್ಕೂ.

ಕೋಣೆಯಲ್ಲಿ ಬೆಂಚಿಲ್ಲ, ಸಾಲಿಲ್ಲ. ನೆಲದ ಮೇಲೆ ಐದು ಗುಂಪು. ಅದಕ್ಕೆ ತಟ್ಟೆ ಅಂತ ಹೆಸರು. ಒಂದನೇ ತಟ್ಟೆಯಲ್ಲಿ ಮೇಷ್ಟ್ರು ಪೂರ್ತಿ ಜೊತೆಗಿದ್ದು ಹೇಳಿಕೊಡಬೇಕು. ಎರಡನೆಯದರಲ್ಲಿ ಅರ್ಧ. ಮೂರು, ನಾಲ್ಕರಲ್ಲಿ ಮಕ್ಕಳಿಗೆ ಮಕ್ಕಳೇ ನೆರವು. ಐದನೆಯದು ಸ್ವಕಲಿಕೆ. ಗೋಡೆಯ ಮೇಲೆ ಕಲಿಕಾ ಏಣಿ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಮಗು ತಾನೇ ನೋಡಿಕೊಂಡು, ಗುರುತಿನ ಚಿತ್ರ ಹುಡುಕಿ, ಕಾರ್ಡು ತಗೊಂಡು ಆ ತಟ್ಟೆಗೆ ಹೋಗಿ ಕೂರ್ತದೆ. ಕಾರ್ಡು ಬದಲಾದ ಹಾಗೆ ತಟ್ಟೆಯೂ ಬದಲಾಗಬೇಕು. ಮಗುವಿನ ಎತ್ತರಕ್ಕೆ ಗೋಡೆಯುದ್ದಕ್ಕೂ ಕರಿಹಲಗೆ, ತಲೆಯ ಮೇಲೆ ದಾರದ ಚಪ್ಪರದಲ್ಲಿ ಅವರೇ ಬರೆದ ಚಿತ್ರ. ಅ ಆ ಇ ಈ ಅಂತ ಉರು ಹೊಡೆಯೋದಿಲ್ಲ. ರ ಗ ಸ ದ ಅ ಇಂದ ಶುರು. ಈ ಐದೇ ಅಕ್ಷರಕ್ಕೆ ಸರ, ಗರಗಸ, ಅಗಸ, ಅರಸ ಎಲ್ಲಾ ಹುಟ್ತವೆ.

ಇದು ಬರೀ ಆಟ ಅನ್ನುವವರಿಗೆ ಒಂದು ಮಾತು. ಬಾಲಕ ಅಂಬೇಡ್ಕರ್ ಶಾಲೆಯಲ್ಲಿ ಕೂತದ್ದು ಮೂಲೆಯಲ್ಲಿ, ಮನೆಯಿಂದ ಹೊತ್ತು ತಂದ ಗೋಣಿತಾಟಿನ ಮೇಲೆ. ಆ ತಾಟನ್ನು ಶಾಲೆಯ ಆಳೂ ಮುಟ್ಟುತ್ತಿರಲಿಲ್ಲ. ಬೆಳೆದ ಮೇಲೆ, 1920ರ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲಿ, ಹಿಂದೂ ಸಮಾಜವನ್ನು ಮೆಟ್ಟಿಲೇ ಇಲ್ಲದ ಮಹಡಿಗಳಿಗೆ ಹೋಲಿಸಿದರು. ಅಂಥ ದೇಶದ ಶಾಲೆಯ ಗೋಡೆಗೆ ಒಂದು ಏಣಿ ಬಂತು! ಹುಟ್ಟು ನೋಡದೆ ಮೆಟ್ಟಿಲು ನೋಡಿ ಕೂರಿಸುವ ಕೋಣೆ ಬಂತು. ಅಪ್ಪ ಅವ್ವನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೋದ ಮಗು ಎರಡು ತಿಂಗಳು ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಹಳೇ ಸಾಲಿನ ಕ್ಲಾಸು ಆ ಮಗುವಿಗಾಗಿ ಎಂದಾದರೂ ಕಾದಿತ್ತೆ? ಆ ಸಾಲುಗಳ ಕೊನೆಯಲ್ಲಿ ಕೂತು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು ನಮ್ಮ ಅಪ್ಪಂದಿರು.

ಆದರೆ ಗೆಳೆಯರೇ, ತಟ್ಟೆ ಹಾಕಿದರಾಯಿತೆ, ಬಡಿಸುವವರು ಬೇಡವೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಯ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು ಅನ್ನುತ್ತದೆ. ಐದು ತರಗತಿಗೆ ಇಬ್ಬರು! ಒಬ್ಬರು ನಲಿ-ಕಲಿಯ ಮೂರು ತರಗತಿ ಹಿಡಿದರೆ ಉಳಿದೆರಡು ಇನ್ನೊಬ್ಬರಿಗೆ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಗಣತಿ, ಓಟರ್ ಪಟ್ಟಿ, ಮೊಬೈಲಿನಲ್ಲಿ ಮಾಹಿತಿ ತುಂಬೋದು, ಇವೂ ಅವರದೇ ತಲೆಗೆ. ಮೇಷ್ಟ್ರು ಎದ್ದು ಹೋದ ಕೂಡಲೆ ಐದು ತಟ್ಟೆಯೂ ಐದನೇ ತಟ್ಟೆಯೇ. ಒಂದಕ್ಷರ ಗುರುತಿಸದ ಮಗುವಿಗೂ ಸ್ವಕಲಿಕೆ.

ಇದು ಸರ್ಕಾರದ ಪಾಪ. ಇನ್ನೊಂದು ಪಾಪ ಕೋಣೆಯ ಒಳಗಿನದು. ನಾವು ಓದಿದ ಕೋಣೆಯಲ್ಲಿ ಮೇಷ್ಟ್ರು ಇದ್ದರು, ಕುರ್ಚಿಯೂ ಇತ್ತು. ಗೌಡರ ಮಗನ ಬೆರಳು ಹಿಡಿದು 'ರ' ತಿದ್ದಿಸಲು ಅವರು ಬಗ್ಗುತ್ತಿದ್ದರು. ನಮ್ಮ ಸರದಿ ಬಂದಾಗ ಕುರ್ಚಿಯಿಂದಲೇ ಕಾರ್ಡು ಚಾಚಿ 'ನೋಡ್ಕೊಂಡು ಬರ್ಕೊಳ್ರೋ' ಅಂದರು. ಬೈಯಲಿಲ್ಲ, ಹೊಡೆಯಲಿಲ್ಲ, ಹೊರಗೆ ಕೂರಿಸಲಿಲ್ಲ. ಮುಟ್ಟದೆ ಇರೋದಕ್ಕೆ ಸ್ವಕಲಿಕೆ ಅಂತ ಚಂದದ ಹೆಸರು ಸಿಕ್ಕಿತ್ತು. ನಮ್ಮ ಬೆರಳು ಹಿಡಿದು ತಿದ್ದಿಸಿದವಳು ಮೂರನೇ ಕ್ಲಾಸಿನ ಒಬ್ಬ ಮಡಿವಾಳರ ಹುಡುಗಿ. ಒಂದು ದಿನ ನಾವು ಕರಿಹಲಗೆಯ ಮೇಲೆ 'ಅಗಸ' ಅಂತ ಬರೆದೆವು. ಅವಳು ಮಾತಾಡದೆ ನಡುವಿನ ಅಕ್ಷರ ಒರೆಸಿ 'ರ' ಬರೆದು ತನ್ನ ಜಾಗಕ್ಕೆ ಹೋದಳು. ಆ ಪಾಠ ಯಾವ ಕಾರ್ಡಿನಲ್ಲೂ ಇರಲಿಲ್ಲ.

ಹಾಗಾಗಿ ನಲಿ-ಕಲಿ ತೆಗೀರಿ ಅನ್ನುವವರ ಜೊತೆ ನಾವು ಸೇರೋದಿಲ್ಲ. ಭಾಷಣದಲ್ಲಿ ಹೊಗಳಿ ಮನೆಗೆ ಹೋಗುವವರ ಜೊತೆಗೂ ಇಲ್ಲ. ಒಂದು ಕೋಣೆಗೆ ಬೇರೆ ಯಾವ ಕೆಲಸವೂ ಇಲ್ಲದ ಒಬ್ಬ ಮೇಷ್ಟ್ರನ್ನು ಕೊಡಿ. ಹರಿದ ಕಾರ್ಡಿಗೆ ಆ ವರ್ಷವೇ ಹೊಸ ಕಾರ್ಡು ಕೊಡಿ. ಹಾಡಿಯ ಮಗು ತನ್ನ ಮಾತಲ್ಲಿ ಉತ್ತರ ಹೇಳಿದರೆ ತಪ್ಪು ಅನ್ನಬೇಡಿ. ತಪಾಸಣೆಗೆ ಬರುವ ಸಾಹೇಬರು ಚಪ್ಪರದ ಬಣ್ಣದ ಕಾಗದದ ಫೋಟೋ ಹಿಡಿದು ಜೀಪು ಹತ್ತಬೇಡಿ. ಒಂದನೇ ತಟ್ಟೆಯಲ್ಲಿ ಯಾವ ಕೇರಿಯ ಮಕ್ಕಳಿದ್ದಾರೆ, ಐದರಲ್ಲಿ ಯಾವ ಕೇರಿಯವರು, ಬರೆದುಕೊಳ್ಳಿ. ತಿಂಗಳುಗಟ್ಟಲೆ ಐದರಲ್ಲೇ ಉಳಿದ ಮಗುವನ್ನು ಹೆಸರು ಹಿಡಿದು ಕರೆಯಿರಿ. ಅದರ ಪಕ್ಕ ನೆಲದ ಮೇಲೆ ಕೂತು ಒಂದು ಕಾರ್ಡು ಓದಿಸಿ ನೋಡಿ.