ಶೇ. 45ರ ಗುರಿ: ಇಳಿಯುತ್ತಿರುವುದು ಹೊಗೆಯೇ, ಲೆಕ್ಕವೇ?

2005ರ ಮಟ್ಟಕ್ಕೆ ಹೋಲಿಸಿದರೆ 2030ರ ವೇಳೆಗೆ ದೇಶದ ‘ಇಂಗಾಲ ತೀವ್ರತೆ’ಯನ್ನು ಶೇ. 45ರಷ್ಟು ತಗ್ಗಿಸುವುದಾಗಿ ಭಾರತವು 2022ರಲ್ಲಿ ವಿಶ್ವಸಂಸ್ಥೆಗೆ ತಿಳಿಸಿತು. 2020ರ ಹೊತ್ತಿಗೇ ಶೇ. 36ರಷ್ಟು ಇಳಿಕೆಯಾಗಿದೆ ಎಂದು 2024ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಕೇಂದ್ರ ಸರ್ಕಾರ ಹೇಳಿದೆ. ಸಂತೋಷದ ಸುದ್ದಿಯೇ. ಆದರೆ ಇಳಿದದ್ದು ಏನು ಎಂಬುದನ್ನು ನಾವು ತಿಳಿದುಕೊಳ್ಳಬೇಕು.

ದೇಶ ಉತ್ಪಾದಿಸುವ ಪ್ರತಿ ರೂಪಾಯಿ ಮೌಲ್ಯಕ್ಕೆ ಎಷ್ಟು ಹಸಿರುಮನೆ ಅನಿಲ ಹೊರಬೀಳುತ್ತದೆ ಎಂಬುದೇ ಈ ತೀವ್ರತೆ. ಉತ್ಪಾದನೆ ಅದಕ್ಕಿಂತ ವೇಗವಾಗಿ ಬೆಳೆದರೆ ತೀವ್ರತೆ ಇಳಿದರೂ ಒಟ್ಟು ಅನಿಲ ಏರುತ್ತದೆ. 2005 ಮತ್ತು 2020ರ ನಡುವೆ ನಮ್ಮಲ್ಲಿ ಆದದ್ದು ಇದೇ.

ತೀವ್ರತೆ ಇಳಿಯಲು ಮುಖ್ಯವಾಗಿ ಮೂರು ಕಾರಣಗಳಿವೆ: ಅದೇ ಕೆಲಸಕ್ಕೆ ಕಡಿಮೆ ಇಂಧನ ಸಾಕಾಗುವುದು, ಇಂಧನವೇ ಬದಲಾಗುವುದು, ದೇಶದ ಕಸುಬುಗಳೇ ಬದಲಾಗುವುದು. ನಮ್ಮ ಮದುವೆಮನೆಗಳ ರೇಷ್ಮೆ ಸೀರೆಯನ್ನೇ ಉದಾಹರಣೆಯಾಗಿ ನೋಡೋಣ.

ರಾಮನಗರ ತಾಲೂಕಿನ ಕೂಟಗಲ್ ಹೋಬಳಿ ಹಿಪ್ಪುನೇರಳೆಯ ಸೀಮೆ. ಆ ಭಾಗದ ರೈತರ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ನೂಲು ಬಿಚ್ಚಾಣಿಕೆದಾರರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುತ್ತಾರೆ. ಒಲೆ ಮತ್ತು ಯಂತ್ರ ಸುಧಾರಿಸಿದರೆ ಒಂದು ಕಿಲೋ ನೂಲಿಗೆ ಬೇಕಾಗುವ ಇಂಧನ ಕಡಿಮೆಯಾಗುತ್ತದೆ. ಇದು ಮೊದಲ ಕಾರಣ.

ಆ ಯಂತ್ರ ತಿರುಗಿಸುವ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬುದು ಎರಡನೆಯದು. ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಎರಡನೆಯದರ ಪಾಲು ಹೆಚ್ಚಿದಷ್ಟೂ ಅದೇ ನೂಲಿನ ಇಂಗಾಲದ ಹೊರೆ ತಗ್ಗುತ್ತದೆ.

ಮೂರನೆಯ ಕಾರಣದಲ್ಲಿ ಎಚ್ಚರ ಬೇಕು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು, 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ಅಗ್ಗದ ಚೀನಾ ನೂಲು ಬಂದು ಇಲ್ಲಿನ ಒಂದು ಘಟಕ ಮುಚ್ಚಿತು ಎಂದುಕೊಳ್ಳಿ. ಅದರ ಹೊಗೆ ನಮ್ಮ ಲೆಕ್ಕದಿಂದ ಚೀನಾದ ಲೆಕ್ಕಕ್ಕೆ ಹೋಗುತ್ತದೆ. ಆಕಾಶಕ್ಕೆ ಲಾಭವಿಲ್ಲ, ಇಲ್ಲಿ ಕೂಲಿ ಮಾಡುವ ಹೆಂಗಸರ ಕೆಲಸ ಮಾತ್ರ ಹೋಗುತ್ತದೆ.

ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೇ ಆಲಿಸಬೇಕೆಂದು ಕಲಿಸಿದರು. ಆ ದೃಷ್ಟಿಯಿಂದ ನೋಡಿದರೆ ಶೇ. 36 ಎಂಬ ಅಂಕಿಯ ಮುಂದೆ ನಾವು ಕೇಳಬೇಕಾದ ಪ್ರಶ್ನೆ ಇದು: ಇದರಲ್ಲಿ ಎಷ್ಟು ಪಾಲು ಒಲೆ ಸುಧಾರಿಸಿದ್ದರಿಂದ ಬಂತು, ಎಷ್ಟು ಪಾಲು ಒಲೆ ಆರಿಹೋದದ್ದರಿಂದ ಬಂತು?

ಧರ್ಮಕೇಂದ್ರಗಳ ಮಾಡಿನ ಮೇಲೆ ಸೌರ ಫಲಕ ಹಾಕುವುದು ಒಳ್ಳೆಯ ಕೆಲಸ, ಮುಂದುವರಿಯಲಿ. ಜೊತೆಗೆ ಹೊಸ ಯಂತ್ರದ ಸಹಾಯಧನ ದೊಡ್ಡ ಘಟಕಗಳಿಗಷ್ಟೇ ಅಲ್ಲ, ನಾಲ್ಕು ಜನ ದುಡಿಯುವ ಸಣ್ಣ ಘಟಕಕ್ಕೂ ತಲುಪಬೇಕೆಂದು ನಮ್ಮ ಪಾಲನಾ ಮಂಡಳಿಗಳು ಮತ್ತು ಸಮಾಜಸೇವಾ ಸಂಸ್ಥೆಗಳು ದನಿಯೆತ್ತಲಿ.