ಔಷಧವೆಂಬ ಹೆಸರಿನ ಸೀಸೆ

ಮಾಲೂರಿನ ಸೋದರಿಯೊಬ್ಬರು ಬರೆದ ಕಾಗದವು ಕಳೆದ ತಿಂಗಳು ನಮ್ಮ ಕೈಸೇರಿತು. ಅವರ ಅತ್ತೆಯವರು ಕೆಮ್ಮಿನಿಂದ ಬಳಲುತ್ತ, ಆರು ವರ್ಷದ ಮೊಮ್ಮಗನನ್ನು ಕರೆದು, "ಅಲಮಾರಿನಲ್ಲಿರುವ ಔಷಧದ ಸೀಸೆಯನ್ನು ತಾ, ಮಗು" ಎಂದರಂತೆ. ಹುಡುಗನು ತಂದುದು ಟೊಮ್ಯಾಟೋ ಗಿಡಗಳಿಗೆ ಹೊಡೆಯಲೆಂದು ಸಣ್ಣ ಸೀಸೆಯೊಂದಕ್ಕೆ ಬಗ್ಗಿಸಿಟ್ಟಿದ್ದ ಕೀಟನಾಶಕವನ್ನು. ಮುಚ್ಚಳವನ್ನು ತೆರೆದೊಡನೆ ಮೂಗಿಗೆ ಬಡಿದ ನಾತವೇ ಆ ವೃದ್ಧೆಯನ್ನು ಉಳಿಸಿತು. "ಹುಡುಗನನ್ನು ದಂಡಿಸಬೇಕೇ?" ಎಂದು ಸೋದರಿಯು ಕೇಳಿದ್ದಾರೆ.

ಬೇಡ. ಅವನು ಹೇಳಿದ್ದನ್ನೇ ಮಾಡಿದ್ದಾನೆ. ಕೋಲಾರ, ಮಾಲೂರು, ಮುಳುಬಾಗಿಲು, ಶ್ರೀನಿವಾಸಪುರಗಳ ಕಡೆಯ ನಾವೆಲ್ಲರೂ ಬೆಳೆಗೆ ಹೊಡೆಯುವ ವಿಷವನ್ನು ಔಷಧವೆಂದೇ ಕರೆಯುತ್ತೇವೆ. 'ಮದ್ದು' ಎಂಬ ಮಾತಂತೂ ರೋಗವನ್ನು ಗುಣಪಡಿಸುವುದಕ್ಕೂ, ಪಟಾಕಿಯಲ್ಲಿ ತುಂಬುವುದಕ್ಕೂ, ಹಗೆಯ ಅನ್ನದಲ್ಲಿ ಕಲಸುವುದಕ್ಕೂ ಒಂದೇ! ದೊಡ್ಡವರು ಸಂದರ್ಭವನ್ನು ನೋಡಿ ಅರ್ಥವನ್ನು ತಿಳಿಯುತ್ತಾರೆ. ಮಗುವಿಗೆ ಹೆಸರೊಂದೇ ಆಧಾರ. ಮನೆಯಲ್ಲಿ ವಿಷವನ್ನು ವಿಷವೆಂದೇ ಹೇಳತಕ್ಕದ್ದು.

ಇನ್ನು ಸೀಸೆಯ ವಿಚಾರ. ೧೯೫೮ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸೋಕಿದ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಮೃತರಾದರು. ಆ ಬಳಿಕ ೧೯೬೮ರಲ್ಲಿ ಕೀಟನಾಶಕಗಳ ಕಾಯಿದೆಯು ಬಂದಿತು. ಈಗ ಪ್ರತಿಯೊಂದು ಡಬ್ಬಿಯ ಮೇಲೂ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದು ಇರುತ್ತದೆ. ಅದರ ಕೆಳಗಿನ ಅರ್ಧದಲ್ಲಿ ಬಣ್ಣ. ಕೆಂಪೆಂದರೆ ಅತ್ಯಂತ ಘೋರ, ಹಳದಿಯು ಅದಕ್ಕಿಂತ ಕಡಮೆ, ಅನಂತರ ನೀಲಿ, ಕೊನೆಗೆ ಹಸಿರು. ಅಕ್ಷರವನ್ನರಿಯದವರಿಗೂ ಇದು ತಿಳಿಯುವಂತಹುದು. ಆದರೆ ನೆರೆಮನೆಯವರಿಂದ ಅಷ್ಟಿಷ್ಟು ಬೇಡಿ ಸೋಡಾ ಸೀಸೆಯಲ್ಲಿ ತಂದುಬಿಟ್ಟರೆ ಹೆಸರೂ ಹೋಯಿತು, ಬಣ್ಣವೂ ಹೋಯಿತು. ಮಕ್ಕಳು ಆಸೆಪಟ್ಟು ಕುಡಿಯುವ ಪಾನೀಯದ ಸೀಸೆಯನ್ನೇ ಇದಕ್ಕೆ ಆರಿಸಿಕೊಳ್ಳುವ ನಮ್ಮ ಜಾಣತನಕ್ಕೆ ಏನೆನ್ನೋಣ!

ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ೨೦೧೩ರ ಜುಲೈ ೧೬ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನುಂಡ ೨೩ ಮಕ್ಕಳು ಅಸುನೀಗಿದರು. ಅಡಿಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವು ಸೇರಿತ್ತು. ಆ ಎಣ್ಣೆಯನ್ನಿಟ್ಟಿದ್ದುದು ಹಿಂದೆ ವಿಷವಿದ್ದ ಡಬ್ಬಿಯಲ್ಲೆಂದು ಅಧಿಕಾರಿಗಳು ತಿಳಿಸಿದರು. ಡಬ್ಬಿಯನ್ನು ಎಷ್ಟು ತೊಳೆದರೂ ಅದು ಅಡಿಗೆಮನೆಗೆ ಸಲ್ಲದು.

ರೇಷ್ಮೆ ಸಾಕುವ ಮನೆಗಳವರಿಗೆ ಬೇರೊಂದು ಮಾತು. ಒಂದು ಬೆಳೆ ಮುಗಿದ ಮೇಲೆ ತಟ್ಟೆ, ಚಂದ್ರಿಕೆಗಳನ್ನು ಶುಚಿಮಾಡಲು ತರುವ ಫಾರ್ಮಲಿನ್ ನೋಡಲು ತಿಳಿನೀರಿನಂತೆಯೇ ಇರುತ್ತದೆ. ಹುಳುವಿಗೂ ಮನುಷ್ಯರಿಗೂ ಒಂದೇ ಸೂರಾದ ಮನೆಯಲ್ಲಿ ಅದನ್ನು ಬೀಗವಿರುವ ಪೆಟ್ಟಿಗೆಯಲ್ಲಲ್ಲದೆ ಬೇರೆಲ್ಲಿಯೂ ಇಡಕೂಡದು.

ನಾನು ಇಷ್ಟು ನಿಷ್ಠುರವಾಗಿ ಬರೆಯುವುದಕ್ಕೆ ಕಾರಣವುಂಟು. ಶ್ರೀನಿವಾಸಪುರದ ನಮ್ಮ ಮನೆಯಲ್ಲಿ, ನನ್ನ ತಮ್ಮನು ಮೂರು ವರ್ಷದವನಾಗಿದ್ದಾಗ, ಒಲೆಗೆಂದು ಲೋಟದಲ್ಲಿ ಅಳೆದಿಟ್ಟಿದ್ದ ಸೀಮೆಎಣ್ಣೆಯನ್ನು ನೀರೆಂದು ಕುಡಿದನು. ಲೋಟದಲ್ಲಿಟ್ಟವಳು ನಾನೇ. ಅಜ್ಜಿಯು ಗಾಬರಿಯಿಂದ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದಳು. ಮೇಲಕ್ಕೆ ಬಂದ ಎಣ್ಣೆಯು ಶ್ವಾಸಕೋಶಕ್ಕೆ ಇಳಿಯಿತು. ರಾತ್ರಿಯ ಹೊತ್ತಿಗೆ ಅವನ ಎದೆಯು ತಿದಿಯಂತೆ ಏರಿಳಿಯತೊಡಗಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿದನು. ಆ ಒಂಬತ್ತು ದಿನವೂ ಮನೆಯಲ್ಲಿ ಒಬ್ಬರೂ ನನ್ನನ್ನು ಬಯ್ಯಲಿಲ್ಲ; ಬಯ್ದಿದ್ದರೆ ವಾಸಿಯಾಗಿತ್ತು.

ಆದಕಾರಣ ಉಪ್ಪುನೀರು, ಹುಣಿಸೆನೀರು, ಗಂಟಲಿಗೆ ಬೆರಳು ಯಾವುದೂ ಬೇಡ. ಪಾಯಿಖಾನೆ ತೊಳೆಯುವ ಆಮ್ಲವಾದರೆ ವಾಂತಿಯಲ್ಲಿ ಗಂಟಲನ್ನು ಎರಡನೆಯ ಸಲ ಸುಡುತ್ತದೆ. ಮೈಮೇಲೆ ವಿಷ ಚೆಲ್ಲಿದ್ದರೆ ಬಟ್ಟೆಯನ್ನು ಕಳಚಿ ಸೋಪು ನೀರಿನಿಂದ ತೊಳೆಯಬೇಕು. ಎಚ್ಚರ ತಪ್ಪಿದವರನ್ನು ಎಡಮಗ್ಗುಲಿಗೆ ಮಲಗಿಸಬೇಕು. ೧೦೮ಕ್ಕೆ ಕರೆಕಳುಹಿಸಿ, ಕುಡಿದ ವಿಷದ ಡಬ್ಬಿಯನ್ನೇ ಸಂಗಡ ಒಯ್ಯಬೇಕು. ಮಾನೋಕ್ರೋಟೋಫಾಸಿನಂಥ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷವುಂಟು. ಕಳೆನಾಶಕವಾದ ಪ್ಯಾರಾಕ್ವಾಟಿಗೆ ಯಾವ ಪ್ರತಿವಿಷವೂ ಇಲ್ಲ. ಹೆಸರು ತಿಳಿಯದೆ ವೈದ್ಯರು ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವಿಷ ಮಾಹಿತಿ ಕೇಂದ್ರವು ೧೮೦೦ ೧೧೬ ೧೧೭ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಸಲಹೆ ಕೊಡುತ್ತದೆ. ಇದನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಡಿರಿ. ಮಗುವು ಆಡಿಕೊಂಡಿದೆಯೆಂದು ಸುಮ್ಮನಿರಬಾರದು. ಹಳದಿ ರಂಜಕದ ಇಲಿಪಾಷಾಣವನ್ನು ತಿಂದವರು ಒಂದೆರಡು ದಿನ ಚೇತರಿಸಿಕೊಂಡಂತೆ ಕಂಡು, ಬಳಿಕ ಯಕೃತ್ತು ಕೆಟ್ಟು ಅಪಾಯಕ್ಕೊಳಗಾಗುವುದುಂಟು.

ಆ ತಮ್ಮನೇ ಇಂದು ಟೊಮ್ಯಾಟೋ ಬೆಳೆದು ಕೋಲಾರದ ಮಾರುಕಟ್ಟೆಗೆ ಹಾಕುತ್ತಾನೆ. ವಿಷದ ಪೆಟ್ಟಿಗೆಯು ತೋಟದ ಪಂಪುಮನೆಯಲ್ಲಿದೆ. ಬೀಗದ ಕೈ ಅವನ ಉಡಿದಾರದಲ್ಲಿ. ಬರಿದಾದ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನೂ ಸಿಂಪಡಿಸುವ ಡ್ರಮ್ಮಿಗೇ ಸುರಿದು, ತಳಕ್ಕೆ ಮೊಳೆಯಿಂದ ತೂತುಮಾಡುತ್ತಾನೆ. ತೂತಿನ ಡಬ್ಬಿಯನ್ನು ಯಾರೂ ಕೊಳ್ಳುವುದಿಲ್ಲವೆಂದು ಗುಜರಿಯವನು ಪ್ರತಿ ಸಲವೂ ಗೊಣಗುತ್ತಾನಂತೆ.